ಕುಟುಂಬ ಸಮೇತ ಸ್ಕೌಟ್ಸ್ ಮತ್ತು ಗೈಡ್ಸ್ ದಳ ಸೇರಬಹುದೇ? ಬಳ್ಳಾರಿ, ಕೊಪ್ಪಳ, ರಾಯಚೂರಿನ ಅನುಭವಸ್ಥರು ತಿಳಿಸಿ

ಕೌಲ್‌ಬಜಾರಿನ ತಾಯಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗ ಈ ವರ್ಷ ಆರನೆಯ ತರಗತಿಗೆ ಬಂದಿದ್ದಾನೆ, ಮಗಳು ಮೂರನೆಯ ತರಗತಿಯಲ್ಲಿದ್ದಾಳೆ. ಸ್ವಾತಂತ್ರ್ಯೋತ್ಸವದ ಪಥಸಂಚಲನ ನೋಡಲು ಹೋದಾಗ ಬಿಸಿಲಿಗೆ ತಲೆಸುತ್ತಿ ಬಿದ್ದ ಒಬ್ಬ ಹುಡುಗನನ್ನು ಕೊರಳಿಗೆ ಸ್ಕಾರ್ಫ್ ಕಟ್ಟಿಕೊಂಡಿದ್ದ ಮಕ್ಕಳಿಬ್ಬರು ನೆರಳಿಗೆ ಒಯ್ದು, ಕಾಲನ್ನು ತುಸು ಮೇಲಕ್ಕೆತ್ತಿ ಮಲಗಿಸಿ, ಸುತ್ತ ನೆರೆದ ದೊಡ್ಡವರನ್ನೆಲ್ಲ ಗಾಳಿಯಾಡಲು ಬಿಡಿ ಎಂದು ಹಿಂದೆ ಸರಿಸಿದರು. ಅದನ್ನು ಕಂಡಂದಿನಿಂದ ನನ್ನ ಮಗ ತಾನೂ ಸ್ಕೌಟ್ ಆಗಬೇಕೆಂದು ಹಟ ಹಿಡಿದಿದ್ದಾನೆ. ಅವನ ಶಾಲೆಯಲ್ಲಿ ದಳವಿಲ್ಲ. ಯಜಮಾನರು ತೋರಣಗಲ್ಲಿನಲ್ಲಿ ಪಾಳಿಯ ಕೆಲಸದಲ್ಲಿರುವುದರಿಂದ ನಾವು ನಾಲ್ವರೂ ಒಟ್ಟಿಗೆ ಸಿಗುವುದೇ ವಾರಕ್ಕೊಮ್ಮೆ, ಆ ದಿನವೂ ಒಬ್ಬೊಬ್ಬರು ಒಂದೊಂದು ಮೊಬೈಲ್ ಹಿಡಿದು ಕುಳಿತಿರುತ್ತೇವೆ. ಶಾಲೆಯ ಮೂಲಕವಲ್ಲದೆ ಸೇರಲು ಅವಕಾಶವಿದೆಯೇ? ಅಣ್ಣ ತಂಗಿ ಒಂದೇ ದಳದಲ್ಲಿರಬಹುದೇ? ತಂದೆ ತಾಯಿಯಾದ ನಮಗೂ ಅಲ್ಲಿ ಜಾಗವಿದೆಯೇ? ಹೆಣ್ಣುಮಗುವನ್ನು ರಾತ್ರಿ ಶಿಬಿರಕ್ಕೆ ಕಳುಹಿಸುವ ಮಾತು ಬಂದರೆ ನಮ್ಮ ಅತ್ತೆಯವರು ಒಪ್ಪುವುದಿಲ್ಲ, ಅದಕ್ಕೂ ತಿಳಿದವರು ಉತ್ತರಿಸಿದರೆ ಉಪಕಾರವಾಗುತ್ತದೆ.

ನಿವೃತ್ತ ಸ್ಕೌಟ್ ಮಾಸ್ಟರ್, ಕೊಪ್ಪಳ

ತಾಯಿ, ನಿಮ್ಮ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರಿಸುತ್ತೇನೆ. ಶಾಲೆಗೆ ಸೇರದ ಮುಕ್ತ ದಳಗಳಿಗೆ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಲ್ಲಿ ಮೊದಲಿನಿಂದಲೂ ಅವಕಾಶವಿದೆ. ಇವನ್ನು ಓಪನ್ ಗ್ರೂಪ್ ಎನ್ನುತ್ತಾರೆ. ನಮ್ಮ ಭಾಗದಲ್ಲಿ ಬಹುತೇಕ ದಳಗಳು ಶಾಲೆಗಳಲ್ಲೇ ಇರುವುದರಿಂದ ಶಾಲೆಯವರು ಕೊಟ್ಟರೆ ಮಾತ್ರ ಉಂಟು ಎಂದು ಜನ ತಿಳಿದಿದ್ದಾರೆ. ನಿಮ್ಮ ಜಿಲ್ಲಾ ಸಂಸ್ಥೆಯ ಕಚೇರಿಗೆ ಹೋಗಿ, ಹತ್ತಿರದಲ್ಲಿ ನಡೆಯುತ್ತಿರುವ ಮುಕ್ತ ದಳ ಯಾವುದೆಂದು ಕೇಳಿ. ಇಲ್ಲವೆಂದರೆ ಹೊಸದನ್ನು ಆರಂಭಿಸಲು ಏನು ಬೇಕೆಂದೂ ಅವರೇ ಹೇಳುತ್ತಾರೆ.

ಅಣ್ಣ ತಂಗಿ ಒಂದೇ ಗ್ರೂಪಿನಲ್ಲಿರಬಹುದು, ಆದರೆ ಒಂದೇ ಘಟಕದಲ್ಲಿ ಅಲ್ಲ. ಸುಮಾರು ಐದರಿಂದ ಹತ್ತು ವರ್ಷದವರೆಗೆ ಹುಡುಗರಿಗೆ ಕಬ್ ಪ್ಯಾಕ್, ಹುಡುಗಿಯರಿಗೆ ಬುಲ್‌ಬುಲ್ ಫ್ಲಾಕ್. ಹತ್ತು ತುಂಬಿದ ಮೇಲೆ ಹುಡುಗರು ಸ್ಕೌಟ್ ಟ್ರೂಪಿಗೆ, ಹುಡುಗಿಯರು ಗೈಡ್ ಕಂಪನಿಗೆ ಹೋಗುತ್ತಾರೆ. ಅದರ ನಂತರ ಇಪ್ಪತ್ತೈದರವರೆಗೆ ರೋವರ್ ಮತ್ತು ರೇಂಜರ್. ಆದ್ದರಿಂದ ನಿಮ್ಮ ಮಗ ಸ್ಕೌಟ್, ಮಗಳು ಬುಲ್‌ಬುಲ್. ಒಂದೇ ಮೈದಾನದಲ್ಲಿ, ಒಂದೇ ಹೊತ್ತಿನಲ್ಲಿ ಎರಡೂ ನಡೆಯುವ ಗ್ರೂಪ್ ಸಿಕ್ಕರೆ ಕುಟುಂಬಕ್ಕೆ ಅನುಕೂಲ.

ನಿಮ್ಮ ಮೂರನೆಯ ಪ್ರಶ್ನೆಯೇ ಮುಖ್ಯವಾದದ್ದು. ತಂದೆ ತಾಯಿಗೆ ಜಾಗವಿದೆ, ಆದರೆ ಅದು ಮಕ್ಕಳ ಪಕ್ಕದ ಜಾಗವಲ್ಲ. ಗ್ರೂಪಿನ ಸಮಿತಿಯಲ್ಲಿ ಕೆಲಸ ಮಾಡಬಹುದು, ಇಲ್ಲವೇ ತರಬೇತಿ ಪಡೆದು ನಾಯಕರಾಗಬಹುದು. ನಾಯಕರಾಗುವವರಿಗೆ ಮೊದಲು ಬೇಸಿಕ್ ಕೋರ್ಸ್, ಆಮೇಲೆ ಅಡ್ವಾನ್ಸ್ಡ್ ಕೋರ್ಸ್, ಅದರ ಮೇಲೆ ಹಿಮಾಲಯ ವುಡ್ ಬ್ಯಾಡ್ಜ್ ಎಂಬ ಕ್ರಮವಿದೆ. ಇವು ಊರು ಬಿಟ್ಟು ಶಿಬಿರದಲ್ಲೇ ಉಳಿದು ಕಲಿಯುವ ತರಬೇತಿಗಳು. ನಮ್ಮ ರಾಜ್ಯದಲ್ಲಿ ದೊಡ್ಡಬಳ್ಳಾಪುರದಲ್ಲೂ ಹರಿಹರದ ಹತ್ತಿರದ ಕೊಂಡಜ್ಜಿಯಲ್ಲೂ ತರಬೇತಿ ಕೇಂದ್ರಗಳಿವೆ.

ಸಿಂಧನೂರಿನ ರೈತ ತಂದೆ

ಒಂದು ಮಾತು ಸೇರಿಸುತ್ತೇನೆ ಗುರುಗಳೇ. ತಂದೆ ತಾಯಿ ನಾಯಕರಾಗದಿದ್ದರೂ ಮನೆ ತಾನಾಗಿಯೇ ಕಲಿಯುತ್ತದೆ. ನಮ್ಮಲ್ಲಿ ಕರುವಿನ ಕೊರಳಿಗೆ ಹಗ್ಗ ಕಟ್ಟಿದಾಗ, ಅದು ಜಗ್ಗಿದಷ್ಟೂ ಕುಣಿಕೆ ಬಿಗಿಯಾಗಿ ಉಸಿರು ಕಟ್ಟುತ್ತಿತ್ತು. ಮಗ ದಳದಲ್ಲಿ ಬೋಲೈನ್ ಗಂಟು ಕಲಿತು ಬಂದ ಸಂಜೆ ಕೊಟ್ಟಿಗೆಗೆ ಹೋಗಿ ಹಳೆಯ ಗಂಟು ಬಿಚ್ಚಿ ಹೊಸದನ್ನು ಹಾಕಿದ. ಹಗ್ಗದಲ್ಲಿ ಸಣ್ಣದೊಂದು ಸುತ್ತು ಮಾಡಿ, ತುದಿಯನ್ನು ಅದರೊಳಗೆ ಕೆಳಗಿನಿಂದ ತೂರಿಸಿ, ಉದ್ದನೆಯ ಹಗ್ಗದ ಹಿಂದಿನಿಂದ ಬಳಸಿ ತಂದು, ಮತ್ತೆ ಅದೇ ಸುತ್ತಿನೊಳಗೆ ಇಳಿಸಿ ಬಿಗಿದ. ಈಗ ಕರು ಎಷ್ಟೇ ಜಗ್ಗಲಿ, ಕುಣಿಕೆ ಇದ್ದಷ್ಟೇ ಇರುತ್ತದೆ; ಬಿಚ್ಚಬೇಕೆಂದರೆ ಬೆರಳಿನಿಂದ ಒತ್ತಿದರೆ ಸಾಕು. ನಮ್ಮ ಓಣಿಯಲ್ಲಿ ದನ ಕಟ್ಟುವವರೆಲ್ಲ ಈಗ ಅವನ ಕಡೆಯಿಂದ ಅದನ್ನು ಕಲಿತಿದ್ದಾರೆ.

ಗೈಡ್ ಕ್ಯಾಪ್ಟನ್, ರಾಯಚೂರು

ಅತ್ತೆಯವರ ಆತಂಕಕ್ಕೆ ನಾನು ಉತ್ತರಿಸುತ್ತೇನೆ ಅಕ್ಕ, ಏಕೆಂದರೆ ಪ್ರತಿ ವರ್ಷ ಮನೆಮನೆಗೆ ಹೋಗಿ ಅಜ್ಜಿಯಂದಿರೊಡನೆ ಮಾತನಾಡುವವಳು ನಾನೇ. ಮೊದಲನೆಯದಾಗಿ, ಬುಲ್‌ಬುಲ್ ವಯಸ್ಸಿನ ಮಗುವಿಗೆ ದೂರದ ರಾತ್ರಿ ಶಿಬಿರದ ಒತ್ತಾಯವಿಲ್ಲ. ಅವರಿಗೆ ಆಟ, ಹಾಡು, ಕಥೆ, ಕೈಕೆಲಸಗಳ ಮೂಲಕವೇ ಕಲಿಕೆ. ಎರಡನೆಯದಾಗಿ, ಹುಡುಗಿಯರ ಘಟಕವನ್ನು ನಡೆಸುವವರು ಮಹಿಳೆಯರೇ. ಗೈಡ್ ಆದ ಮೇಲೆ ಶಿಬಿರಕ್ಕೆ ಕರೆದೊಯ್ಯುವಾಗ ಜೊತೆಗೆ ಬರುವ ಮಹಿಳಾ ನಾಯಕಿಯರು ಯಾರು, ಮಲಗುವ ಜಾಗ ಎಲ್ಲಿ, ಶೌಚಾಲಯಕ್ಕೆ ಒಳಗಿನಿಂದ ಚಿಲಕವಿದೆಯೇ, ರಾತ್ರಿ ದೀಪ ಇರುತ್ತದೆಯೇ, ಹತ್ತಿರದ ಆಸ್ಪತ್ರೆ ಯಾವುದು ಎಂಬುದನ್ನು ಮುಂಚಿತವಾಗಿ ಕೇಳುವ ಹಕ್ಕು ನಿಮಗಿದೆ. ಈ ಪ್ರಶ್ನೆಗಳಿಗೆ ಬೇಸರಪಡುವ ನಾಯಕರ ಕೈಗೆ ಮಗುವನ್ನು ಒಪ್ಪಿಸಬೇಡಿ. ಪಾಲಕರ ಲಿಖಿತ ಒಪ್ಪಿಗೆಯಿಲ್ಲದೆ ನಾನಂತೂ ಒಂದು ಮಗುವನ್ನೂ ಬಸ್ಸು ಹತ್ತಿಸುವುದಿಲ್ಲ. ಮುಟ್ಟಿನ ದಿನಗಳ ಬಗ್ಗೆಯೂ ತಾಯಂದಿರೊಡನೆ ಮುಚ್ಚುಮರೆಯಿಲ್ಲದೆ ಮಾತನಾಡಿಯೇ ಹೊರಡುತ್ತೇನೆ.

ಲಿಂಗಸುಗೂರಿನ ಓದುಗ

ಇಷ್ಟೆಲ್ಲ ಸರಿ, ಆದರೆ ಇದರಿಂದ ಮಕ್ಕಳಿಗೆ ಮುಂದೆ ಪ್ರಯೋಜನವೇನು? ರೈಲ್ವೆಯಲ್ಲಿ ಸ್ಕೌಟ್ ಕೋಟಾ ಇದೆ ಎಂದು ಕೇಳಿದ್ದೇನೆ. ಅದಕ್ಕಾಗಿಯಾದರೆ ಒಂಬತ್ತನೆಯ ತರಗತಿಯಲ್ಲಿ ಸೇರಿಸಿದರೆ ಸಾಲದೇ? ಚಿಕ್ಕ ಮಕ್ಕಳ ಭಾನುವಾರವನ್ನು ಏಕೆ ಕಳೆಯಬೇಕು?

ರೈಲ್ವೆ ನೌಕರ, ಬಳ್ಳಾರಿ

ಕೋಟಾ ಇರುವುದು ನಿಜ. ರೈಲ್ವೆಯವರು ಸ್ಕೌಟ್ಸ್ ಮತ್ತು ಗೈಡ್ಸ್ ಕೋಟಾದಡಿ ಅರ್ಜಿ ಕರೆಯುತ್ತಾರೆ. ಆದರೆ ಒಂದೊಂದು ವಲಯದಲ್ಲಿ ಬೆರಳೆಣಿಕೆಯ ಹುದ್ದೆಗಳು ಮಾತ್ರ ಇರುತ್ತವೆ. ರಾಷ್ಟ್ರಪತಿ ಪುರಸ್ಕಾರ ಅಥವಾ ಹಿಮಾಲಯ ವುಡ್ ಬ್ಯಾಡ್ಜ್ ಆಗಿರಬೇಕು, ಹಲವು ವರ್ಷ ಸಕ್ರಿಯವಾಗಿ ದಳದಲ್ಲಿದ್ದುದಕ್ಕೆ ದಾಖಲೆ ಬೇಕು, ಪರೀಕ್ಷೆಯೂ ಇದೆ. ಕೊನೆಯ ಗಳಿಗೆಯಲ್ಲಿ ಸೇರಿ ಪಡೆಯುವ ವಸ್ತು ಅದಲ್ಲ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ, ಅದರ ಮೇಲೆ ರಾಷ್ಟ್ರಪತಿ ಪುರಸ್ಕಾರ. ಪ್ರತಿ ಮೆಟ್ಟಿಲಿಗೂ ಇಂತಿಷ್ಟು ಕಾಲ ಸೇವೆ ಮಾಡಿರಬೇಕೆಂಬ ನಿಯಮವಿರುವುದರಿಂದ ತಡವಾಗಿ ಸೇರಿದವರಿಗೆ ವಯಸ್ಸಿನ ಮಿತಿ ಮೀರಿಹೋಗುತ್ತದೆ.

ನಿವೃತ್ತ ಸ್ಕೌಟ್ ಮಾಸ್ಟರ್, ಕೊಪ್ಪಳ

ಲಿಂಗಸುಗೂರಿನ ಸಹೋದರರೇ, ನಿಮ್ಮ ಪ್ರಶ್ನೆ ಪ್ರಾಮಾಣಿಕವಾದದ್ದು, ಆದರೆ ಆ ದಾರಿಯನ್ನು ನಾನು ಒಪ್ಪುವುದಿಲ್ಲ. ಪ್ರಮಾಣಪತ್ರಕ್ಕಾಗಿ ಸೇರಿದ ಮಗು ಪ್ರಮಾಣಪತ್ರ ಕೈಗೆ ಬಂದ ಮರುದಿನ ಸ್ಕಾರ್ಫ್ ಬಿಚ್ಚಿಡುತ್ತದೆ. ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಅವರು 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ಮಾಡಿದಾಗ ಸಿರಿವಂತರ ಶಾಲೆಯ ಹುಡುಗರನ್ನೂ ದುಡಿಯುವವರ ಮನೆಯ ಹುಡುಗರನ್ನೂ ಬೇಕೆಂದೇ ಕೂಡಿಸಿ, ಚಿಕ್ಕ ಚಿಕ್ಕ ಪಂಗಡ ಮಾಡಿ, ಹುಡುಗರ ಕೈಗೇ ನಾಯಕತ್ವ ಕೊಟ್ಟರು. ಅದೇ ಇಂದಿಗೂ ನಮ್ಮ ಪೆಟ್ರೋಲ್ ಪದ್ಧತಿ. ಆರರಿಂದ ಎಂಟು ಮಕ್ಕಳ ಪಂಗಡಕ್ಕೆ ಅವರಲ್ಲೇ ಒಬ್ಬ ಲೀಡರ್. ಅಡುಗೆಗೆ ಸೌದೆ ತರುವವರು ಯಾರು, ಟೆಂಟಿನ ಗೂಟ ಬಡಿಯುವವರು ಯಾರು, ಜಗಳವಾದರೆ ತೀರ್ಮಾನವೇನು ಎಂಬುದನ್ನೆಲ್ಲ ಹನ್ನೆರಡು ವರ್ಷದ ಹುಡುಗ ನಿರ್ಧರಿಸುತ್ತಾನೆ. ಇದನ್ನು ಬೇರೆಲ್ಲಿ ಕಲಿಸುತ್ತಾರೆ? ನಮ್ಮ ಮನೆಗಳಲ್ಲಿ ಹನ್ನೆರಡು ವರ್ಷದವನ ಮಾತನ್ನು ಕೇಳುವವರಾದರೂ ಯಾರು?

ರೋವರ್, ಗಂಗಾವತಿ

ಗುರುಗಳ ಮಾತಿಗೆ ನನ್ನ ಸಹಮತವಿದೆ. ನಾನು ಮಾತನಾಡಲು ತೊದಲುವ ಹುಡುಗನಾಗಿದ್ದೆ. ಪೆಟ್ರೋಲ್ ಲೀಡರ್ ಆದ ಮೇಲೆ ಪಂಗಡಗಳ ಲೀಡರ್‌ಗಳೆಲ್ಲ ಕೂಡುವ ಕೋರ್ಟ್ ಆಫ್ ಆನರ್ ಸಭೆಯಲ್ಲಿ ನನ್ನ ಪಂಗಡದ ಪರವಾಗಿ ನಾನೇ ಮಾತನಾಡಬೇಕಾಗಿ ಬಂತು, ಮಾತು ತಾನಾಗಿಯೇ ಬಂತು.

ಸಿರುಗುಪ್ಪದ ಔಷಧಿ ವ್ಯಾಪಾರಿ

ಕೌಲ್‌ಬಜಾರಿನ ಅಕ್ಕನವರೇ, ನಿಮ್ಮ ಮಗ ಕಂಡದ್ದು ಪ್ರಥಮ ಚಿಕಿತ್ಸೆ. ನಮ್ಮ ಜಿಲ್ಲೆಗಳಿಗೆ ಅದಕ್ಕಿಂತ ಉಪಯುಕ್ತವಾದ ವಿದ್ಯೆ ಮತ್ತೊಂದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು, ಗದ್ದೆಗಳಲ್ಲಿ ಹಾವು, ರಸ್ತೆಯಲ್ಲಿ ಅಪಘಾತ. ಸ್ಕಾರ್ಫ್ ಬರಿಯ ಅಲಂಕಾರವಲ್ಲ, ಬಿಚ್ಚಿ ಹರವಿದರೆ ತ್ರಿಕೋನದ ಬಟ್ಟೆ. ಮುರಿದ ಕೈಯನ್ನು ಎದೆಗೆ ಆನಿಸಿ ಕೊರಳಿಗೆ ತೂಗುಹಾಕಬಹುದು.

ಲಿಂಗಸುಗೂರಿನ ಓದುಗ

ಹಾವು ಕಡಿದಾಗಲೂ ಆ ಸ್ಕಾರ್ಫಿನಿಂದಲೇ ಕಾಲನ್ನು ಬಿಗಿಯಾಗಿ ಕಟ್ಟಿದರೆ ವಿಷ ಮೇಲೇರುವುದಿಲ್ಲ ಅಲ್ಲವೇ? ನಮ್ಮ ಹಿರಿಯರು ಹಾಗೆಯೇ ಮಾಡುತ್ತಿದ್ದರು.

ಸಿರುಗುಪ್ಪದ ಔಷಧಿ ವ್ಯಾಪಾರಿ

ದಯವಿಟ್ಟು ಹಾಗೆ ಮಾಡಬೇಡಿ, ಮಕ್ಕಳಿಗೂ ಹೇಳಿಕೊಡಬೇಡಿ. ಬಿಗಿದು ಕಟ್ಟಿದರೆ ರಕ್ತ ಸಂಚಾರ ನಿಂತು ಕಾಲನ್ನೇ ಕಳೆದುಕೊಳ್ಳುವ ಅಪಾಯವಿದೆ. ಬ್ಲೇಡಿನಿಂದ ಕೊಯ್ಯುವುದು, ಬಾಯಿಯಿಂದ ಹೀರುವುದು, ನಾಟಿ ಔಷಧಕ್ಕಾಗಿ ಹೊತ್ತು ಕಳೆಯುವುದು ಇವೂ ಕೂಡದು. ಕಡಿಸಿಕೊಂಡವರನ್ನು ನಡೆಸದೆ, ಗಾಬರಿಪಡಿಸದೆ, ಉಂಗುರ, ಕಾಲ್ಗೆಜ್ಜೆ ಮೊದಲಾದವನ್ನು ಬಾವು ಏರುವ ಮುನ್ನ ತೆಗೆದು, ಕಡಿದ ಅಂಗ ಅಲುಗದಂತೆ ಕಟ್ಟಿಗೆಯ ಆಸರೆ ಕೊಟ್ಟು, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಬೇಕು. ಆ ಕಟ್ಟಿಗೆಯ ಆಸರೆಯನ್ನು ಸಡಿಲವಾಗಿ ಕಟ್ಟಲು ಸ್ಕಾರ್ಫ್ ಬಳಸಬಹುದು, ಅಷ್ಟೇ.

ಗೈಡ್ ಕ್ಯಾಪ್ಟನ್, ರಾಯಚೂರು

ಔಷಧಿ ಅಂಗಡಿಯ ಅಣ್ಣನವರು ಹೇಳಿದ್ದನ್ನೇ ನಾವು ಹುಡುಗಿಯರಿಗೆ ಕಲಿಸುವುದು. ಹೊಲಕ್ಕೆ ಹೋಗುವ ತಂದೆ ತಾಯಿಯ ಮುಂದೆ ಅವರಿಂದಲೇ ಮಾಡಿಸಿ ತೋರಿಸುತ್ತೇವೆ. ಮಗಳ ಬಾಯಿಂದ ಕೇಳಿದ್ದನ್ನು ತಂದೆ ಮರೆಯುವುದಿಲ್ಲ.

ಮಾನ್ವಿಯ ಶಿಕ್ಷಕ

ಕಹಿಯಾದ ಒಂದು ಸಂಗತಿಯನ್ನು ಹೇಳದೆ ಇರಲಾರೆ. ನನ್ನ ಮಗಳು ಓದುತ್ತಿದ್ದ ಒಂದು ಖಾಸಗಿ ಶಾಲೆಯಲ್ಲಿ ಸ್ಕೌಟ್ಸ್ ಗೈಡ್ಸ್ ಹೆಸರಿನಲ್ಲಿ ಹಣ ಪಡೆದರು, ಸಮವಸ್ತ್ರ ಹೊಲಿಸಿದರು. ವರ್ಷವಿಡೀ ಮಕ್ಕಳನ್ನು ಗಣ್ಯರ ಸ್ವಾಗತಕ್ಕೆ ಬಾಗಿಲಲ್ಲಿ ನಿಲ್ಲಿಸಿದ್ದು ಬಿಟ್ಟರೆ ಬೇರೇನೂ ನಡೆಯಲಿಲ್ಲ. ಒಂದು ಗಂಟು ಕಲಿಸಲಿಲ್ಲ, ಒಂದು ಚಾರಣಕ್ಕೆ ಕರೆದೊಯ್ಯಲಿಲ್ಲ. ಸೇರುವ ಮುನ್ನ ಪಾಲಕರು ವಾರವಾರ ನಡೆಯುವ ಸಭೆಯೊಂದನ್ನು ದೂರದಲ್ಲಿ ನಿಂತು ನೋಡಬೇಕು. ಧ್ವಜಾರೋಹಣ, ಪ್ರಾರ್ಥನೆ, ಉಗುರು ಮತ್ತು ಸಮವಸ್ತ್ರದ ತಪಾಸಣೆ, ಆಟ, ಒಂದು ಕೌಶಲ, ಮತ್ತೊಂದು ಆಟ, ಮುಕ್ತಾಯ ಎಂದು ಸಭೆ ಸಾಗುತ್ತಿದ್ದರೆ, ಮಕ್ಕಳು ಬೆವರಿ ನಗುತ್ತಿದ್ದರೆ ಅದು ಜೀವಂತ ದಳ. ಸಾಲಾಗಿ ನಿಲ್ಲಿಸಿ ಭಾಷಣ ಕೇಳಿಸುತ್ತಿದ್ದರೆ ಮನೆಗೆ ಮರಳಿರಿ.

ಸಿಂಧನೂರಿನ ರೈತ ತಂದೆ

ಸರ್, ಇದನ್ನು ಎಲ್ಲ ಪಾಲಕರೂ ಓದಬೇಕು.

ರಾಯಚೂರಿನ ಅಂದ್ರೂನ್ ಕಿಲ್ಲಾ ನಿವಾಸಿ

ನನ್ನದೊಂದು ಸಂದೇಹ. ನಮ್ಮದು ಮುಸ್ಲಿಂ ಕುಟುಂಬ. ಸಭೆಯಲ್ಲಿ ಪ್ರಾರ್ಥನೆ ಇರುತ್ತದೆ ಎಂದಿದ್ದೀರಿ, ಪ್ರತಿಜ್ಞೆಯಲ್ಲಿ ದೇವರ ಮಾತೂ ಬರುತ್ತದೆ ಎಂದು ಕೇಳಿದ್ದೇನೆ. ನಮ್ಮ ಹುಡುಗನಿಗೆ ಅಲ್ಲಿ ಹೊರಗಿನವನೆಂಬ ಭಾವ ಬಾರದೇ?

ನಿವೃತ್ತ ಸ್ಕೌಟ್ ಮಾಸ್ಟರ್, ಕೊಪ್ಪಳ

ಬರಬಾರದು, ಬಂದರೆ ಅದು ದಳದ ದೋಷ. ಪ್ರತಿಜ್ಞೆಯ ಸಾರ ಇಷ್ಟು: ದೇವರಿಗೂ ದೇಶಕ್ಕೂ ನನ್ನ ಕರ್ತವ್ಯವನ್ನು ಸಲ್ಲಿಸಲು, ಇತರರಿಗೆ ನೆರವಾಗಲು, ಸ್ಕೌಟ್ ನಿಯಮವನ್ನು ಪಾಲಿಸಲು ನನ್ನಿಂದಾದಷ್ಟು ಪ್ರಯತ್ನಿಸುತ್ತೇನೆ ಎಂಬುದು. ದೇವರು ಎಂಬಲ್ಲಿ ಧರ್ಮ ಎಂದು ಹೇಳಲು ನಿಯಮದಲ್ಲೇ ಅವಕಾಶವಿದೆ. ಯಾವ ಮತದ ದೇವರೆಂದು ಯಾರೂ ಕೇಳುವುದಿಲ್ಲ. ಸ್ಕೌಟ್ ನಿಯಮದ ಒಂಬತ್ತು ಅಂಶಗಳಲ್ಲಿ ಮೂರನೆಯದೇ ಸ್ಕೌಟ್ ಎಲ್ಲರ ಮಿತ್ರ, ಪ್ರತಿಯೊಬ್ಬ ಸ್ಕೌಟಿಗೂ ಸಹೋದರ ಎಂಬುದು. ಶಿಬಿರಗಳಲ್ಲಿ ಸರ್ವಧರ್ಮ ಪ್ರಾರ್ಥನೆ ಇಡುತ್ತೇವೆ. ಒಬ್ಬೊಬ್ಬರ ಮನೆಯ ಪ್ರಾರ್ಥನೆಯನ್ನು ಉಳಿದವರು ಮೌನವಾಗಿ ನಿಂತು ಕೇಳುತ್ತಾರೆ. ರಂಜಾನ್ ತಿಂಗಳಲ್ಲಿ ಉಪವಾಸ ಇರುವ ಹುಡುಗರಿದ್ದರೆ ಓಟದ ಆಟಗಳನ್ನು ನಾನು ಇಡುತ್ತಿರಲಿಲ್ಲ, ನಕ್ಷೆ ಓದುವುದು, ಸಂಕೇತ ಗುರುತಿಸುವುದು ಮುಂತಾದ ಕುಳಿತು ಮಾಡುವ ಕೆಲಸ ಕೊಡುತ್ತಿದ್ದೆ.

ನಮ್ಮ ದೇಶದಲ್ಲಿ ಈ ಚಳವಳಿ ಬೆಳೆದ ಬಗೆಯೂ ಇದಕ್ಕೆ ಸಂಬಂಧಿಸಿದ್ದೇ. 1909ರಲ್ಲಿ ಬೆಂಗಳೂರಿನಲ್ಲಿ ಆರಂಭವಾದಾಗ ಅದು ಯುರೋಪಿಯನ್ನರ ಮತ್ತು ಆಂಗ್ಲೋ ಇಂಡಿಯನ್ನರ ಮಕ್ಕಳಿಗಷ್ಟೇ ಮೀಸಲಾಗಿತ್ತು. ಭಾರತೀಯ ಮಕ್ಕಳಿಗೆ ಬಾಗಿಲು ತೆರೆಯಬೇಕೆಂದು ಆನಿ ಬೆಸೆಂಟ್, ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು ಮೊದಲಾದವರು ಬೇರೆ ಬೇರೆ ಸಂಘಗಳನ್ನು ಕಟ್ಟಿದರು. ಸ್ವಾತಂತ್ರ್ಯದ ನಂತರ, 1950ರ ನವೆಂಬರ್ 7ರಂದು, ಆ ಸಂಘಗಳು ಕೂಡಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. ಮರುವರ್ಷ ಆಗಸ್ಟ್ 15ರಂದು ಗರ್ಲ್ ಗೈಡ್ಸ್ ಸಂಘವೂ ಬಂದು ಸೇರಿತು. ಯಾರನ್ನೂ ಹೊರಗಿಡಬಾರದೆಂಬ ಹೋರಾಟದಿಂದಲೇ ಹುಟ್ಟಿದ ಸಂಸ್ಥೆಯಿದು.

ರಾಯಚೂರಿನ ಅಂದ್ರೂನ್ ಕಿಲ್ಲಾ ನಿವಾಸಿ

ಧನ್ಯವಾದಗಳು ಸಾಹೇಬರೇ. ಮನೆಯಲ್ಲಿ ಓದಿ ಹೇಳಿದೆ.

ಕಂಪ್ಲಿಯ ತಾಯಿ

ನಾನು ಸ್ವಲ್ಪ ವಿರೋಧವಾಗಿಯೇ ಮಾತನಾಡುತ್ತೇನೆ. ತಂದೆ ತಾಯಿ ದೂರ ಇರಬೇಕು, ಮಕ್ಕಳ ಪಕ್ಕ ನಿಲ್ಲಬಾರದು ಎಂದು ಹಿರಿಯರು ಹೇಳಿದ್ದಾರೆ. ನನ್ನ ಮಗನಿಗೆ ಉಬ್ಬಸವಿದೆ, ಧೂಳು ತಾಗದು. ನಾನು ಊಟದ ಡಬ್ಬಿ ಒಯ್ದು ಕೊಟ್ಟರೆ, ಹತ್ತಿರ ಕುಳಿತರೆ ಯಾರಿಗೆ ತೊಂದರೆ? ಕುಟುಂಬ ಸಮೇತ ಎಂದ ಮೇಲೆ ಕುಟುಂಬಕ್ಕೆ ಜೊತೆಗಿರಲು ಬಿಡಬೇಕಲ್ಲವೇ?

ಗೈಡ್ ಕ್ಯಾಪ್ಟನ್, ರಾಯಚೂರು

ಅಕ್ಕ, ಉಬ್ಬಸದ ಮಾತು ಬೇರೆ, ಡಬ್ಬಿಯ ಮಾತು ಬೇರೆ. ಇನ್‌ಹೇಲರ್ ಮಗುವಿನ ಜೇಬಿನಲ್ಲಿರಲಿ, ಇನ್ನೊಂದು ನಾಯಕರ ಬಳಿ ಇರಲಿ, ಯಾವಾಗ ಕೊಡಬೇಕೆಂದು ಬರೆದು ಕೊಡಿ. ಇದನ್ನು ಮುಚ್ಚಿಡುವುದೇ ಅಪಾಯ. ಡಬ್ಬಿಯ ವಿಷಯಕ್ಕೆ ಬಂದರೆ, ಪಂಗಡದ ಏಳು ಮಕ್ಕಳು ತಾವೇ ಬೇಯಿಸಿದ ಅರೆಬೆಂದ ಅನ್ನವನ್ನು ಹಂಚಿಕೊಂಡು ಉಣ್ಣುವಾಗ ಒಬ್ಬನ ಮುಂದೆ ಮಾತ್ರ ಮನೆಯ ಬಿಸಿ ಡಬ್ಬಿ ತೆರೆದರೆ ಆ ಹುಡುಗ ಪಂಗಡದಿಂದ ಹೊರಗೆ ಬೀಳುತ್ತಾನೆ. ಅವನಿಗೆ ಅದು ಪ್ರೀತಿಯಾಗಿ ಕಾಣುವುದಿಲ್ಲ, ಅವಮಾನವಾಗಿ ಕಾಣುತ್ತದೆ.

ಕಂಪ್ಲಿಯ ತಾಯಿ

ಅರೆಬೆಂದ ಅನ್ನ ಉಂಡು ಹೊಟ್ಟೆ ಕೆಟ್ಟರೆ ಹೊಣೆ ಯಾರು?

ಕುಕನೂರಿನ ಅಜ್ಜಿ

ತಂಗಿ, ನಾನು ಮೊಮ್ಮಕ್ಕಳ ದಳಕ್ಕೆ ರೊಟ್ಟಿ ಬಡಿಯುವುದನ್ನು ಕಲಿಸಲು ಹೋಗುತ್ತೇನೆ, ಆದ್ದರಿಂದ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಮೊದಲ ಸಲ ಅವರು ಜೋಳದ ಹಿಟ್ಟಿಗೆ ತಣ್ಣೀರು ಹಾಕಿ ನಾದಿದರು, ರೊಟ್ಟಿ ಬಡಿಯುವಾಗಲೇ ಬಿರುಕು ಬಿಟ್ಟಿತು. ಕುದಿಯುವ ಎಸರು ಬೇಕೆಂದು ನಾನು ಹೇಳಿಕೊಡಲು ಎದ್ದರೆ ಅವರ ಮಾಸ್ಟರು ಕೈಮುಗಿದು, ಅಮ್ಮ, ಮಕ್ಕಳು ತಾವಾಗಿ ಬಂದು ಕೇಳುವವರೆಗೆ ಸುಮ್ಮನಿರಿ ಎಂದರು. ಅರ್ಧ ತಾಸು ಹೆಣಗಾಡಿ ಪಂಗಡದ ನಾಯಕಿಯೇ ನನ್ನ ಹತ್ತಿರ ಬಂದು ಕೇಳಿದಳು. ಆಮೇಲೆ ಬಡಿದ ರೊಟ್ಟಿ ಹಂಚಿನ ಮೇಲೆ ಉಬ್ಬಿತು. ಹುಡುಗರೂ ಬಡಿದರು, ಅದು ನನಗೆ ಹೆಚ್ಚು ಸಂತೋಷ ಕೊಟ್ಟಿತು. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಯಿಂದ ರೊಟ್ಟಿ ಹೋಗುವಾಗ ಈ ಸಲ ನಮ್ಮ ಮನೆಯ ರೊಟ್ಟಿಯಲ್ಲಿ ಮೊಮ್ಮಗ ಬಡಿದದ್ದೂ ಇತ್ತು.

ರೋವರ್, ಗಂಗಾವತಿ

ಅಜ್ಜಿಯವರಿಗೆ ನಮಸ್ಕಾರ. ಜಾತ್ರೆಯ ಸೇವೆಯಲ್ಲಿ ನಾವು ರೋವರ್‌ಗಳೂ ಇರುತ್ತೇವೆ. ಜನಜಂಗುಳಿಯಲ್ಲಿ ಮಕ್ಕಳು ತಪ್ಪಿಸಿಕೊಂಡಾಗ ತಂದೆ ತಾಯಿಗೆ ಮುಟ್ಟಿಸುವುದು, ನೀರು ಕೊಡುವುದು, ವೃದ್ಧರನ್ನು ಸಾಲಿನಿಂದ ಆಚೆ ಕರೆತರುವುದು ನಮ್ಮ ಕೆಲಸ. ಇಲ್ಲಿಯ ಪಾಲಕರು ಹಣ್ಣು, ಮಜ್ಜಿಗೆ ತಂದು ಪಾಳಿಯ ಮೇಲೆ ನಮ್ಮ ಜೊತೆ ನಿಲ್ಲುತ್ತಾರೆ. ಕುಟುಂಬ ಸಮೇತ ಸೇರುವುದೆಂದರೆ ನನಗೆ ತಿಳಿದ ಅರ್ಥ ಅದು.

ಸಂಡೂರಿನ ಚಾರಣಿಗ

ಚಾರಣದ ವಿಷಯದಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳಬೇಕಾಗಿದೆ. ನಮ್ಮ ಗುಡ್ಡಗಳು ಬರಿಯ ಕಲ್ಲುಬಂಡೆಗಳಲ್ಲ. ದರೋಜಿಯ ಸುತ್ತ ಕರಡಿಗಳಿವೆ, ಆನೆಗುಂದಿಯ ಕಡೆ ಚಿರತೆಯ ಓಡಾಟವಿದೆ. ಬೆಳಕು ಹರಿಯುವ ಮುನ್ನವೂ ಮುಸ್ಸಂಜೆಯ ನಂತರವೂ ಮಕ್ಕಳನ್ನು ಪೊದೆಗಳ ಹಾದಿಯಲ್ಲಿ ನಡೆಸಬಾರದು, ಅರಣ್ಯ ಪ್ರದೇಶವಾದರೆ ಇಲಾಖೆಯ ಅನುಮತಿ ಪಡೆಯಲೇಬೇಕು. ಸಾಣಾಪುರದ ಕಡೆ ಹೋದವರು ಮಕ್ಕಳನ್ನು ನೀರಿಗಿಳಿಸುವ ಆಸೆಯನ್ನು ಬಿಡಬೇಕು. ತುಂಗಭದ್ರೆ ಮೇಲೆ ಶಾಂತವಾಗಿ ಕಂಡರೂ ಬಂಡೆಗಳ ನಡುವೆ ಸೆಳೆತವಿದೆ.

ಬಳ್ಳಾರಿಯವರಿಗೆ ಮೊದಲ ಚಾರಣಕ್ಕೆ ಸಂಗನಕಲ್ಲು ಒಳ್ಳೆಯದು. ಊರಿಗೆ ಹತ್ತಿರ, ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ಮಾಡುತ್ತಿದ್ದ ಗುಡ್ಡ. ಬಂಡೆಗಳ ಮೇಲೆ ಗೂಳಿಗಳ ಕೆತ್ತನೆಗಳಿವೆ. ಮಕ್ಕಳು ಅವನ್ನು ಮುಟ್ಟಿ ಸವೆಸಬಾರದು, ಹೆಸರು ಗೀಚಬಾರದು. ಸಾರ್ವಜನಿಕ ಆಸ್ತಿಯ ರಕ್ಷಣೆ ಸ್ಕೌಟ್ ನಿಯಮದಲ್ಲೇ ಇದೆ, ಅದನ್ನು ಕಲಿಯಲು ಇದಕ್ಕಿಂತ ತಕ್ಕ ಜಾಗವಿಲ್ಲ. ರಾಯಚೂರಿನವರು ಮಸ್ಕಿಗೆ ಹೋಗಲಿ. 1915ರಲ್ಲಿ ಅಲ್ಲಿ ಸಿಕ್ಕ ಶಾಸನದಲ್ಲೇ ಅಶೋಕನ ಹೆಸರು ಸ್ಪಷ್ಟವಾಗಿ ಕಂಡದ್ದು. ಸ್ಕೌಟ್ ಸದಸ್ಯತ್ವದ ಬ್ಯಾಡ್ಜಿನ ನಡುವೆ ಇರುವುದೂ ಅಶೋಕ ಚಕ್ರವೇ. ಕೊಪ್ಪಳದವರಿಗಂತೂ ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳು ನಡೆದು ಹೋಗುವಷ್ಟು ಹತ್ತಿರದಲ್ಲಿವೆ.

ಮಾನ್ವಿಯ ಶಿಕ್ಷಕ

ಬೇಸಿಗೆಯಲ್ಲಿ ಅಲ್ಲ. ಮಸ್ಕಿಯ ಬಂಡೆ ಏಪ್ರಿಲ್‌ನಲ್ಲಿ ಬೆಳಿಗ್ಗೆ ಹತ್ತಕ್ಕೇ ಕಾಯ್ದ ಹಂಚಾಗಿರುತ್ತದೆ. ದಸರಾ ರಜೆಯ ನಂತರ, ಜನವರಿ ಮುಗಿಯುವುದರೊಳಗೆ ಹೊರಸಂಚಾರಗಳನ್ನು ಮುಗಿಸಿ, ಬೇಸಿಗೆಯಲ್ಲಿ ಒಳಾಂಗಣದ ಕಲಿಕೆ ಇಟ್ಟುಕೊಳ್ಳುವುದು ನಮ್ಮ ಭಾಗಕ್ಕೆ ಒಗ್ಗುವ ಕ್ರಮ. ರಾಜ್ಯದ ಬೇರೆ ಭಾಗದವರು ಮಾಡಿದ ವೇಳಾಪಟ್ಟಿಯನ್ನು ಇಲ್ಲಿ ಹಾಗೆಯೇ ಅನುಸರಿಸಿದರೆ ಮಕ್ಕಳು ಬಳಲುತ್ತಾರೆ.

ಸಂಡೂರಿನ ಚಾರಣಿಗ

ಒಪ್ಪಿದೆ ಸರ್. ಕಾಲದ ಮಾತನ್ನು ನಾನು ಮೊದಲೇ ಹೇಳಬೇಕಿತ್ತು.

ಕಂಪ್ಲಿಯ ತಾಯಿ

ಸಮವಸ್ತ್ರದ ಖರ್ಚು ಹೇಗೆ? ಅಂಗಿ, ಪ್ಯಾಂಟು, ಟೋಪಿ, ಬೆಲ್ಟು, ಸ್ಕಾರ್ಫ್, ಅದನ್ನು ಹಿಡಿದಿಡುವ ಬಳೆಯಂಥ ವಾಗಲ್, ಬೂಟು ಎಲ್ಲ ಕೂಡಿದರೆ ಕೂಲಿ ಮಾಡುವವರ ಮನೆಗೆ ಭಾರವಾಗುತ್ತದೆ. ನಮ್ಮ ಓಣಿಯಲ್ಲಿ ಹಾಗೆ ಹಿಂದೆ ಸರಿದವರಿದ್ದಾರೆ.

ಸಿಂಧನೂರಿನ ರೈತ ತಂದೆ

ನಮ್ಮ ದಳದಲ್ಲಿ ಇದಕ್ಕೆ ಪಾಲಕರೇ ದಾರಿ ಮಾಡಿದ್ದೇವೆ ಅಕ್ಕ. ಬೆಳೆಯುವ ಮಕ್ಕಳಿಗೆ ಎರಡು ವರ್ಷಕ್ಕೆ ಅಂಗಿ ಚಿಕ್ಕದಾಗುತ್ತದೆ. ಒಗೆದು ಇಸ್ತ್ರಿ ಮಾಡಿ ಗ್ರೂಪಿನ ಪೆಟ್ಟಿಗೆಗೆ ಹಾಕುತ್ತೇವೆ, ಬೇಕಾದವರು ತಮ್ಮ ಅಳತೆಯದನ್ನು ಒಯ್ಯುತ್ತಾರೆ. ಯಾರು ಕೊಟ್ಟರು, ಯಾರು ಒಯ್ದರು ಎಂದು ಬರೆದಿಡುವುದಿಲ್ಲ. ಹೊಲಿಗೆ ಬಲ್ಲ ಒಬ್ಬ ತಾಯಿ ಮೊಣಕಾಲಿನ ತುಂಡು ಜೋಡಿಸಿ, ಗುಂಡಿ ಹಚ್ಚಿ ಕೊಡುತ್ತಾರೆ. ಪ್ರತಿಜ್ಞೆ ಮಾಡಿಸಿ ಸೇರಿಸಿಕೊಳ್ಳುವ ದೀಕ್ಷೆಯಾಗುವವರೆಗೆ ಸಮವಸ್ತ್ರ ಹೊಲಿಸಬೇಡಿರೆಂದು ಹೊಸಬರಿಗೆ ನಾವೇ ಹೇಳುತ್ತೇವೆ. ಮಗುವಿಗೆ ಇಷ್ಟವಾಗುತ್ತದೋ ಇಲ್ಲವೋ ಮೊದಲು ತಿಳಿಯಲಿ.

ಕಂಪ್ಲಿಯ ತಾಯಿ

ಇದು ಒಳ್ಳೆಯ ವ್ಯವಸ್ಥೆ. ಡಬ್ಬಿಯ ಮಾತಿನಲ್ಲಿ ನನಗಿನ್ನೂ ಪೂರ್ತಿ ಒಪ್ಪಿಗೆಯಿಲ್ಲ, ಆದರೆ ಪೆಟ್ಟಿಗೆಯ ಕೆಲಸ ನಮ್ಮೂರಿನಲ್ಲಿ ನಾನು ವಹಿಸಿಕೊಳ್ಳಬಲ್ಲೆ.

ಕೌಲ್‌ಬಜಾರಿನ ತಾಯಿ, ಬಳ್ಳಾರಿ

ಎಲ್ಲರ ಉತ್ತರಗಳನ್ನೂ ರಾತ್ರಿ ಮನೆಯಲ್ಲಿ ಗಟ್ಟಿಯಾಗಿ ಓದಿದೆವು. ಗೈಡ್ ಕ್ಯಾಪ್ಟನ್ ಅಕ್ಕನವರು ಬರೆದ ಪ್ರಶ್ನೆಗಳನ್ನು ಅತ್ತೆಯವರು ಚೀಟಿಯಲ್ಲಿ ಬರೆಸಿಕೊಂಡಿದ್ದಾರೆ, ತಾವೇ ಕೇಳುತ್ತಾರಂತೆ. ಜಿಲ್ಲಾ ಕಚೇರಿಗೆ ಯಜಮಾನರು ಹೋಗಿ ಬಂದರು. ನಮ್ಮ ಕಡೆ ಮುಕ್ತ ದಳ ಸದ್ಯಕ್ಕಿಲ್ಲ, ಆದರೆ ತರಬೇತಿ ಪಡೆದ ನಾಯಕರೂ ಹತ್ತಿಪ್ಪತ್ತು ಮಕ್ಕಳೂ ಪಾಲಕರ ಸಮಿತಿಯೂ ಇದ್ದರೆ ಆರಂಭಿಸಬಹುದೆಂದು ಹೇಳಿದ್ದಾರೆ. ನಮ್ಮ ಬೀದಿಯಲ್ಲಿ ವಿಚಾರಿಸಿದಾಗ ಆರು ಮನೆಯವರು ಮುಂದೆ ಬಂದಿದ್ದಾರೆ. ಬುಲ್‌ಬುಲ್ ಫ್ಲಾಕಿನ ನಾಯಕಿಯಾಗಲು ನಾನು ಬೇಸಿಕ್ ಕೋರ್ಸಿಗೆ ಹೆಸರು ಕೊಡಬೇಕೆಂದಿದ್ದೇನೆ. ನನ್ನ ಮಗಳೇ ನನ್ನ ಫ್ಲಾಕಿನಲ್ಲಿದ್ದರೆ ತೊಂದರೆಯಾಗುತ್ತದೆಯೇ?

ನಿವೃತ್ತ ಸ್ಕೌಟ್ ಮಾಸ್ಟರ್, ಕೊಪ್ಪಳ

ಆಗುತ್ತದೆ, ಆದರೆ ಪರಿಹಾರವಿದೆ. ಮೈದಾನದಲ್ಲಿ ಆಕೆ ನಿಮ್ಮನ್ನು ಉಳಿದ ಮಕ್ಕಳಂತೆಯೇ ಕರೆಯಲಿ. ಆಕೆಯ ಪರೀಕ್ಷೆಗಳನ್ನು ನೀವು ತೆಗೆದುಕೊಳ್ಳಬೇಡಿ, ಸಹಾಯಕಿಗೆ ಬಿಡಿ. ತಂದೆ ತಾಯಿ ನಾಯಕರಾದಾಗ ಸಾಮಾನ್ಯವಾಗಿ ಎರಡರಲ್ಲೊಂದು ಆಗುತ್ತದೆ: ಸ್ವಂತ ಮಗುವಿಗೆ ಸಲಿಗೆ ಹೆಚ್ಚಾಗುತ್ತದೆ, ಇಲ್ಲವೇ ಪಕ್ಷಪಾತವೆಂದು ಯಾರೂ ಅನ್ನಬಾರದೆಂದು ಅದೇ ಮಗುವಿನ ಮೇಲೆ ಬಿಗಿ ಹೆಚ್ಚಾಗುತ್ತದೆ. ಎರಡನೆಯದನ್ನು ನಾನು ಹೆಚ್ಚು ಕಂಡಿದ್ದೇನೆ, ಅದರ ನೋವು ಮಗು ಬಾಯಿಬಿಟ್ಟು ಹೇಳುವುದಿಲ್ಲ. ಸಭೆ ಮುಗಿಸಿ ಮನೆಗೆ ಹೋದ ಮೇಲೆ ಆ ದಿನದ ತಪ್ಪುಗಳ ಲೆಕ್ಕವನ್ನು ಊಟದ ಹೊತ್ತಿನಲ್ಲಿ ತೆಗೆಯಬೇಡಿ. ಮೊದಲು ಚಿಕ್ಕದಾಗಿ ಆರಂಭಿಸಿ. ಆರು ಮಕ್ಕಳ ಒಂದು ಗುಂಪು ಸಾಕು, ಪ್ರತಿ ವಾರವೂ ತಪ್ಪದೆ ನಡೆಯಲಿ. ಮದುವೆ, ಹಬ್ಬ ಎಂದು ಸಭೆ ತಪ್ಪತೊಡಗಿದರೆ ಮಕ್ಕಳು ಚದುರಿಹೋಗುತ್ತಾರೆ. ನಿಮ್ಮ ಸಮಿತಿಯ ದೊಡ್ಡ ಕೆಲಸ ಅದೇ: ನಾಯಕರಿಗೆ ಅಡ್ಡಿ ಬಂದ ದಿನ ಮೈದಾನದ ಬೀಗ ತೆರೆಯಲು ಇನ್ನೊಬ್ಬರು ಇರುವಂತೆ ನೋಡಿಕೊಳ್ಳುವುದು.

ಲಿಂಗಸುಗೂರಿನ ಓದುಗ

ಹಾವಿನ ವಿಷಯದಲ್ಲಿ ತಿಳಿಸಿಕೊಟ್ಟದ್ದಕ್ಕೆ ಉಪಕಾರ. ನಮ್ಮೂರಿನ ಮಕ್ಕಳಿಗೂ ಅದನ್ನು ಯಾರಾದರೂ ಬಂದು ಕಲಿಸುವರೇ?

ಸಿರುಗುಪ್ಪದ ಔಷಧಿ ವ್ಯಾಪಾರಿ

ದಸರಾ ರಜೆಯಲ್ಲಿ ನಾನು ಬಳ್ಳಾರಿಯ ಅಕ್ಕನವರ ಮಕ್ಕಳಿಗೆ ಪ್ರಥಮ ಚಿಕಿತ್ಸೆ ಹೇಳಿಕೊಡಲು ಬರುವುದೆಂದು ಮಾತಾಗಿದೆ. ಲಿಂಗಸುಗೂರಿನವರು ದಿನ ಗೊತ್ತುಮಾಡಿದರೆ ಅಲ್ಲಿಗೂ ಬರುತ್ತೇನೆ. ಪಾಲಕರೂ ಕಡ್ಡಾಯವಾಗಿ ಕುಳಿತುಕೊಳ್ಳಬೇಕು, ಪ್ರತಿ ಮನೆಯಿಂದ ಹಳೆಯ ಹತ್ತಿ ಸೀರೆಯ ಒಂದು ತುಂಡು ತರಬೇಕು. ತ್ರಿಕೋನದ ಪಟ್ಟಿಗಳನ್ನು ಅಲ್ಲಿಯೇ ಕತ್ತರಿಸಿಕೊಳ್ಳೋಣ.